ನೆಗೆಟಿವ್‌ಗಳಿಗೂ ಗ್ರಂಥಾಲಯದಲ್ಲಿ ಜಾಗ ಬೇಕು

ಪಹಣಿ, ಆಧಾರ್ ಕಾರ್ಡು ಸ್ಕ್ಯಾನ್ ಮಾಡುವ ಜೆರಾಕ್ಸ್ ಅಂಗಡಿಯ ಯಂತ್ರದ ಮೇಲೆ ಹಳೆಯ ನೆಗೆಟಿವ್ ಇಟ್ಟರೆ ಬರುವುದು ಕಪ್ಪು ಪಟ್ಟಿ. ಕಾಗದಕ್ಕೆ ಬೆಳಕು ತಾಗಿ ಹಿಂದಿರುಗಿದರೆ ಸಾಕು. ಫಿಲ್ಮ್ ಆದರೆ ಬೆಳಕು ಅದರ ಮೂಲಕವೇ ಹಾದು ಬರಬೇಕು. ಅಳತೆಯ ತೊಡಕೂ ಇದೆ. 35 ಎಂಎಂ ಫಿಲ್ಮ್‌ನ ಒಂದು ಫ್ರೇಮು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಕಾಗದಪತ್ರಗಳಿಗೆ ಧಾರಾಳವಾಗುವ 300 ಡಿಪಿಐಯಲ್ಲಿ ಅದರಿಂದ ಸಿಗುವುದು 425ಕ್ಕೆ 283 ಪಿಕ್ಸೆಲ್. ಮದುವೆಯ ಗುಂಪು ಫೋಟೊದಲ್ಲಿ ಯಾರ ಮುಖವೂ ಗುರುತು ಸಿಗದು.

ಹಾಗಾಗಿ ಫಿಲ್ಮ್‌ಗೆ ಬೇರೆಯದೇ ಸ್ಕ್ಯಾನರ್ ಬೇಕು. ನಿಕಾನ್‌ನ ಕೂಲ್‌ಸ್ಕ್ಯಾನ್, ಮಿನೋಲ್ಟಾದ ಡಿಮಾಜ್ ಈ ಕೆಲಸಕ್ಕೆ ಹೆಸರಾಗಿದ್ದವು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅವುಗಳ ತಯಾರಿಕೆ ನಿಂತಿತು. ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು. ಆಮೇಲೆ ಮನೆಬಳಕೆಗೆ ಹೆಚ್ಚು ಕೇಳಿಬಂದ ಹೆಸರುಗಳು ಪ್ಲಸ್‌ಟೆಕ್‌ನ ಆಪ್ಟಿಕ್‌ಫಿಲ್ಮ್ ಮತ್ತು ಎಪ್ಸನ್‌ನ ಪರ್ಫೆಕ್ಷನ್ ಫ್ಲಾಟ್‌ಬೆಡ್.

ಡಬ್ಬದ ಮೇಲಿನ ಅಂಕಿಯನ್ನು ಮಾತ್ರ ನಂಬಬಾರದು. ಎಪ್ಸನ್ ವಿ600ರ ಮೇಲೆ 6400 ಡಿಪಿಐ ಎಂದಿದೆ. ಪರೀಕ್ಷಾ ಪಟ್ಟಿ ಇಟ್ಟು ಅಳೆದವರಿಗೆ ಸಿಕ್ಕಿದ್ದು 1500ರ ಆಸುಪಾಸು. ಆಪ್ಟಿಕ್‌ಫಿಲ್ಮ್‌ನ 7200 ಕೂಡ ಅಳತೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗೆಂದು ವಿ600 ನಿರುಪಯೋಗಿಯಲ್ಲ. ಅದರಲ್ಲಿ 35 ಎಂಎಂ ಫ್ರೇಮಿನಿಂದ ಐದಕ್ಕೆ ಏಳು ಇಂಚಿನ ಒಳ್ಳೆಯ ಪ್ರಿಂಟ್ ತೆಗೆಯಬಹುದು. ಸ್ಟುಡಿಯೊಗಳು ಯಾಶಿಕಾದಂಥ ಕ್ಯಾಮೆರಾದಲ್ಲಿ ಬಳಸುತ್ತಿದ್ದ 120 ಫಿಲ್ಮ್‌ನ ಚೌಕ ನೆಗೆಟಿವ್ ಆದರೆ ಹತ್ತು ಮೆಗಾಪಿಕ್ಸೆಲ್ ಮೀರಿದ ಚಿತ್ರವನ್ನೇ ಕೊಡುತ್ತದೆ. ಅಜ್ಜನ ಕಾಲದ ಇಂಥ ದೊಡ್ಡ ನೆಗೆಟಿವ್‌ಗಳು ಇರುವ ಮನೆಗೆ ಫ್ಲಾಟ್‌ಬೆಡ್ಡೇ ಸರಿ.

ಆನ್‌ಲೈನ್ ಅಂಗಡಿಗಳಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಪುಟ್ಟ ಪರದೆಯ, ಕಂಪ್ಯೂಟರೇ ಬೇಡವೆನ್ನುವ ಪೆಟ್ಟಿಗೆ. ಅದು ಸ್ಕ್ಯಾನರ್ ಅಲ್ಲ, ಸಣ್ಣ ಸೆನ್ಸರ್ ಇರುವ ಕ್ಯಾಮೆರಾ. 14 ಮೆಗಾಪಿಕ್ಸೆಲ್ ಸೆನ್ಸರಿನ ಚಿತ್ರವನ್ನು ಹಿಗ್ಗಿಸಿ 22 ಎಂದು ಬರೆದುಕೊಂಡವೂ ಇವೆ. ಸಾಮಾನ್ಯವಾಗಿ ಜೆಪೆಗ್ ಮಾತ್ರ ಸಿಗುತ್ತದೆ. ಸ್ಲೈಡಿನ ದಟ್ಟ ನೆರಳಿನಲ್ಲಿರುವ ವಿವರ ಮಸಿಯಾಗಿ ಹೋಗುತ್ತದೆ. ಯಾವ ನೆಗೆಟಿವ್‌ನಲ್ಲಿ ಏನಿದೆ ಎಂದು ನೋಡಿ ಆರಿಸಲು ಅಷ್ಟು ಸಾಕು, ಆದರೆ ಅದಕ್ಕೆ ಮೊಬೈಲೇ ಇದೆ. ಉಳಿಸಿಕೊಳ್ಳಬೇಕಾದ ಚಿತ್ರಕ್ಕೆ ಇದರ ಮೇಲೆ ದುಡ್ಡು ಹಾಕುವುದು ನಷ್ಟ.

ಹಣವೂ ಉಳಿದು ಗುಣವೂ ಸಿಗುವ ದಾರಿ ಬೇರೆ ಇದೆ. ಮನೆಯಲ್ಲಿ ಅಥವಾ ನೆಂಟರಲ್ಲಿ ಡಿಜಿಟಲ್ ಎಸ್‌ಎಲ್‌ಆರ್ ಇದ್ದರೆ ಅದಕ್ಕೊಂದು ಮ್ಯಾಕ್ರೋ ಲೆನ್ಸ್, ಬಣ್ಣಗಳನ್ನು ನಿಜವಾಗಿ ತೋರಿಸುವ ಎಲ್‌ಇಡಿ ಬೆಳಕಿನ ಹಲಗೆ, ಫಿಲ್ಮನ್ನು ಸಮತಟ್ಟಾಗಿ ಹಿಡಿಯುವ ಹೋಲ್ಡರ್, ಅಲುಗಾಡದ ಸ್ಟ್ಯಾಂಡ್ ಸೇರಿದರಾಯಿತು. ಒಳ್ಳೆಯ ಸ್ಕ್ಯಾನರ್ ಒಂದು ಫ್ರೇಮಿಗೆ ನಿಮಿಷಗಟ್ಟಲೆ ತೆಗೆದುಕೊಂಡರೆ ಇಲ್ಲಿ ಒಂದು ಕ್ಲಿಕ್ ಸಾಕು. ಚಿತ್ರವನ್ನು ರಾ ರೂಪದಲ್ಲೇ ತೆಗೆಯಬೇಕು. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ಕಳೆದು ಬಣ್ಣ ತಿರುಗಿಸುವ ಕೆಲಸಕ್ಕೆ ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ನೆಗಾಡಾಕ್ಟರ್ ಎಂಬ ಸಲಕರಣೆಯಿದೆ. ಅದು ಪೂರ್ತಿ ಉಚಿತ.

ಸ್ಕ್ಯಾನರ್‌ಗೆ ಒಂದು ಮೇಲುಗೈ ಉಂಟು. ಕೆಲವು ಮಾದರಿಗಳು ಇನ್ಫ್ರಾರೆಡ್ ಕಿರಣ ಹಾಯಿಸಿ ಧೂಳು, ಗೀರು ಎಲ್ಲಿದೆಯೆಂದು ಪತ್ತೆಹಚ್ಚಿ ಅಳಿಸುತ್ತವೆ. ಈ ವಿದ್ಯೆ ಕಪ್ಪು ಬಿಳುಪಿಗೆ ನಡೆಯುವುದಿಲ್ಲ. ಅದರಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆಗಿರುತ್ತದೆ, ಬೆಳ್ಳಿ ಆ ಕಿರಣವನ್ನು ತಡೆಯುತ್ತದೆ. ಮನೆಯ ರಾಶಿಯೆಲ್ಲ ಕಪ್ಪು ಬಿಳುಪಾದರೆ ಆ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಇಷ್ಟು ತಿಳಿದರೂ ಹೆಚ್ಚಿನ ಮನೆಗಳಿಗೆ ಯಂತ್ರ ಕೊಳ್ಳುವುದು ಸಲ್ಲದ ಖರ್ಚು. ಮುನ್ನೂರು ನಾನೂರು ಫ್ರೇಮು ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ. ಅತ್ತ ಫಿಲ್ಮ್ ಕಾಯುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಜೆಲಟಿನ್ ಪದರದ ಮೇಲೆ ಬೂಷ್ಟು ಬೆಳೆಯುತ್ತದೆ. ಅದನ್ನು ನೀರಿನಲ್ಲಿ ತೊಳೆದರೆ ಚಿತ್ರವೇ ಕರಗಿ ಹೋಗಬಹುದು. ವಿನಿಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಇನ್ನು ಕಪ್ಪು ಬಿಳುಪಿನ ರಾಶಿ ಬೆಳ್ಳಿಯ ಆಸೆಗೆ ಗುಜರಿ ದಾರಿ ಹಿಡಿಯುವ ಅಪಾಯವೂ ಇದೆ.

ಹೆಸರಾಂತರ ಸಂಗ್ರಹಕ್ಕೆ ನೆಲೆ ಸಿಗುತ್ತದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳು ಬೆಂಗಳೂರಿನ ಮ್ಯಾಪ್ ಸಂಗ್ರಹಾಲಯ ಸೇರಿವೆ, ಅಲ್ಲಿ ಪ್ರದರ್ಶನವೂ ಆಗಿದೆ. ತಾಲ್ಲೂಕು ಕೇಂದ್ರದ ಸ್ಟುಡಿಯೊದವರು ದಶಕಗಟ್ಟಲೆ ತೆಗೆದ ಜಾತ್ರೆ, ನಾಟಕ, ಶಾಲಾ ವಾರ್ಷಿಕೋತ್ಸವ, ಚಳವಳಿಗಳ ಚಿತ್ರಗಳಿಗೆ ಅಂಥ ನೆಲೆಯಿಲ್ಲ. ಊರಿನ ಚರಿತ್ರೆ ಇರುವುದೋ ಅವುಗಳಲ್ಲಿ.

ಆ ನೆಲೆಯನ್ನು ಸಾರ್ವಜನಿಕ ಗ್ರಂಥಾಲಯ ಕೊಡಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಜನ ಕಟ್ಟುತ್ತಲೇ ಇದ್ದಾರೆ. ಆ ಹಣದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೊಂದು ಫ್ಲಾಟ್‌ಬೆಡ್, ಒಂದು ಕ್ಯಾಮೆರಾ ಸ್ಟ್ಯಾಂಡ್ ತರುವುದು ದೊಡ್ಡ ಮಾತೇನಲ್ಲ. ಫಿಲ್ಮ್ ಹಿಡಿಯಲು ಬಲ್ಲ ಹಳೆಯ ಸ್ಟುಡಿಯೊದವರಿಗೆ ಗೌರವಧನ ಕೊಟ್ಟು ಕೂರಿಸಬಹುದು. ಮೂಲ ಫಿಲ್ಮ್ ಮನೆಯವರಿಗೇ ವಾಪಸಾಗಬೇಕು, ಅವರು ಒಪ್ಪಿದ ಚಿತ್ರವಷ್ಟೇ ಸಾರ್ವಜನಿಕವಾಗಬೇಕು. ಪ್ರತಿ ಫೈಲಿನ ಜತೆ ಊರು, ಇಸವಿ, ಚಿತ್ರದಲ್ಲಿರುವವರ ಹೆಸರು ದಾಖಲಾಗಬೇಕು; ಅದನ್ನು ಹೇಳಬಲ್ಲ ಹಿರಿಯರು ಈಗ ಇದ್ದಾರೆ.

ಶುರುವಾಗಬೇಕಾದದ್ದು ಸಾಗರ, ಹೊಸನಗರದ ಗ್ರಂಥಾಲಯಗಳಿಂದ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬಗಳು ಅಲ್ಲಿವೆ. ಬಿಟ್ಟು ಬಂದ ಮನೆ, ಅಂಗಳ, ತೋಟದ ಫಿಲ್ಮ್ ಯಾರ ಬಳಿಯಾದರೂ ಉಳಿದಿದ್ದರೆ, ಆ ಮಲೆನಾಡಿನ ತೇವದಲ್ಲಿ ಅದು ಹೆಚ್ಚು ವರ್ಷ ತಾಳದು.