ಮಗ್ಗಿ ಬರುವ ಮಗುವಿಗೆ ಲೂಪ್ ಏಕೆ ಬರುವುದಿಲ್ಲ?

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಂಪ್ಯೂಟರ್ ಇಲ್ಲ ಎಂದು ಈಗ ಯಾರೂ ಹೇಳುವಂತಿಲ್ಲ. ಲ್ಯಾಪ್‌ಟಾಪ್ ಬಂದಿದೆ, ಪ್ರೊಜೆಕ್ಟರ್ ಬಂದಿದೆ, ಪಠ್ಯಪುಸ್ತಕವೂ ಕನ್ನಡದಲ್ಲೇ ಸಿಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಐಟಿಗೆ ಪ್ರಾಯೋಗಿಕ ಪರೀಕ್ಷೆ ಇದೆ. 2024ರಲ್ಲಿ ಕೇರಳದ ಏಳನೇ ತರಗತಿಯ ಐಸಿಟಿ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯೂ 2025ರಲ್ಲಿ ಹತ್ತನೇ ತರಗತಿಗೆ ರೊಬೊಟಿಕ್ಸ್ ಕೂಡಾ ಬಂತು. ಸಂತೋಷದ ಸಂಗತಿಯೇ. ಆದರೆ ಸ್ನೇಹಿತರೆ, ಇವೆಲ್ಲದರ ಅಡಿಪಾಯವಾದ ಒಂದು ಸಣ್ಣ ಪಾಠದಲ್ಲೇ ನಮ್ಮ ಮಕ್ಕಳು ಮುಗ್ಗರಿಸುತ್ತಿದ್ದಾರೆ. ಅದೇ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು.

ಪೈಥಾನ್ ಹೈಸ್ಕೂಲಿನವರ ಪಾಡು, ಟಿಸಿಎಚ್ ಮಾಡಿದ ಪ್ರಾಥಮಿಕ ಶಾಲೆಯ ಮಾಷ್ಟ್ರಿಗೆ ಅದೆಲ್ಲ ಏಕೆ ಎಂದು ನೀವು ಕೇಳಬಹುದು. ಮಗ್ಗಿ ಕಲಿಸುವವರು ನಾವೇ ಅಲ್ಲವೇ? ಹಾಗಾಗಿ ಲೂಪಿನ ಮೊದಲ ಪಾಠವೂ ನಮ್ಮದೇ ಎಂಬುದು ನನ್ನ ವಾದ. ಅದನ್ನು ಕನ್ನಡದಲ್ಲೇ, ಕಂಪ್ಯೂಟರ್ ಮುಟ್ಟುವ ಮೊದಲೇ ಕಲಿಸಬೇಕು.

ಏಳರ ಮಗ್ಗಿಯನ್ನೇ ತೆಗೆದುಕೊಳ್ಳಿ. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು... ಇಲ್ಲಿ ಏಳು ಬದಲಾಗುವುದಿಲ್ಲ, ಗುಣಿಸುವ ಸಂಖ್ಯೆ ಪ್ರತಿ ಸಲ ಒಂದು ಹೆಚ್ಚುತ್ತದೆ, ಹತ್ತಕ್ಕೆ ನಿಲ್ಲುತ್ತದೆ. ಎಲ್ಲಿಂದ ಶುರು? ಪ್ರತಿ ಸುತ್ತಿನಲ್ಲಿ ಏನು ಬದಲಾಗುತ್ತದೆ? ಯಾವಾಗ ನಿಲ್ಲಬೇಕು? ಈ ಮೂರು ಪ್ರಶ್ನೆಗೆ ಉತ್ತರ ಕೊಡಬಲ್ಲ ಮಗುವಿಗೆ ಲೂಪ್ ಅರ್ಧ ಬಂದ ಹಾಗೆ. ಆದರೆ ನಡೆಯುವುದೇನು? ಬೋರ್ಡಿನ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬರೆಯುತ್ತಾರೆ, ಮಕ್ಕಳು ಅದನ್ನು ಹಾಗೆಯೇ ಟೈಪು ಮಾಡುತ್ತಾರೆ, ಉತ್ತರ ಬಂದರೆ ಪಾಠ ಮುಗಿಯಿತು! ಹತ್ತರ ಬದಲು ಹನ್ನೆರಡರ ತನಕ ಮಗ್ಗಿ ಬರೆಸು ಎಂದರೆ ಕೈ ನಿಲ್ಲುತ್ತದೆ. ಇದು ಕಲಿಕೆಯಲ್ಲ, ಕಾಪಿ.

ಕನ್ನಡದಲ್ಲಿ ಕಲಿಸಬೇಕು ಎನ್ನುವುದು ಬರೀ ಭಾಷಾಭಿಮಾನದ ಮಾತಲ್ಲ. ಮಕ್ಕಳು ಮಾಡುವ ತಪ್ಪುಗಳನ್ನು ಗಮನಿಸಿದರೆ ಎಷ್ಟೋ ತಪ್ಪುಗಳ ಬೇರು ಭಾಷೆಯಲ್ಲೇ ಇರುವುದು ಕಾಣುತ್ತದೆ. 'ಒಂದರಿಂದ ಹತ್ತರವರೆಗೆ ಎಣಿಸು' ಎಂದರೆ ಕನ್ನಡದ ಮಗು ಹತ್ತನ್ನೂ ಎಣಿಸುತ್ತದೆ. ಪೈಥಾನಿನ ರೇಂಜ್‌ಗೆ 1 ಮತ್ತು 10 ಕೊಟ್ಟರೆ ಅದು ಒಂಬತ್ತಕ್ಕೇ ನಿಂತುಬಿಡುತ್ತದೆ. ಹತ್ತು ಬೇಕಾದರೆ 11 ಎಂದು ಕೊಡಬೇಕು. ನಮ್ಮ 'ವರೆಗೆ' ಕೊನೆಯದನ್ನು ಸೇರಿಸಿಕೊಳ್ಳುತ್ತದೆ, ಪೈಥಾನ್ ಸೇರಿಸಿಕೊಳ್ಳುವುದಿಲ್ಲ. ಈ ಒಂದು ವಾಕ್ಯವನ್ನು ಹೇಳದೆ ಮಗುವನ್ನು ದಡ್ಡ ಎನ್ನುವುದು ಯಾವ ನ್ಯಾಯ?

ಇನ್ನೊಂದು ಇದಕ್ಕಿಂತ ದೊಡ್ಡದು. ಮನೆಯಲ್ಲಿ ಅಮ್ಮ 'ಕೊಡ ತುಂಬುವ ತನಕ ನೀರು ಹಿಡಿ' ಎನ್ನುತ್ತಾರೆ. ಇದನ್ನು ವೈಲ್ ಲೂಪಿಗೆ ಹಾಕುವಾಗ ಮಕ್ಕಳು 'ಕೊಡ ತುಂಬಿದೆ' ಎಂಬುದನ್ನೇ ಷರತ್ತಾಗಿ ಬರೆಯುತ್ತಾರೆ. ಆಗ ಖಾಲಿ ಕೊಡಕ್ಕೆ ಒಂದು ಹನಿಯೂ ಬೀಳುವುದಿಲ್ಲ! ಏಕೆಂದರೆ ವೈಲ್ ಎಂದರೆ 'ತನಕ' ಅಲ್ಲ, 'ಇರುವಷ್ಟು ಹೊತ್ತು'. ಕೊಡ ತುಂಬದೆ ಇರುವಷ್ಟು ಹೊತ್ತು ನೀರು ಹಿಡಿ ಎಂದು ತಿರುಗಿಸಿ ಹೇಳಬೇಕು. ಸ್ಕ್ರ್ಯಾಚ್‌ನಲ್ಲಿ ನಮ್ಮ 'ತನಕ'ದಂತೆಯೇ ಕೆಲಸ ಮಾಡುವ ಬ್ಲಾಕ್ ಒಂದಿದೆ, ಪೈಥಾನಿನಲ್ಲಿ ಅಂಥದ್ದಿಲ್ಲ. ಸ್ಕ್ರ್ಯಾಚ್‌ನಿಂದ ಪೈಥಾನ್‌ಗೆ ಬರುವಾಗ ಷರತ್ತು ತಲೆಕೆಳಗಾಗುತ್ತದೆ. ನಮ್ಮ ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ ಎಂದು ಬಗೆಬಗೆ. ಅವರೆಲ್ಲರೂ ಶಾಲೆಯಲ್ಲಿ ಕೂಡುವುದು ಕನ್ನಡದಲ್ಲಿ. ಇಂಥ ಸೂಕ್ಷ್ಮವನ್ನು ಆ ಕನ್ನಡದಲ್ಲಿ ಬಿಡಿಸದಿದ್ದರೆ ಇನ್ಯಾವುದರಲ್ಲಿ ಬಿಡಿಸೋಣ?

ಫಾರ್, ವೈಲ್ ಎರಡರ ವ್ಯತ್ಯಾಸಕ್ಕೆ ದೂರ ಹೋಗಬೇಕಿಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಚೆಂಡೆ ಗೊತ್ತು. ಆದಿತಾಳಕ್ಕೆ ಎಂಟು ಅಕ್ಷರ, ಎಂಟು ಮುಗಿದರೆ ಒಂದು ಆವರ್ತನ. ಎಣಿಸಿ ನಿಲ್ಲುವುದು ಫಾರ್. ವೇಷ ಇನ್ನೂ ರಂಗಸ್ಥಳಕ್ಕೆ ಬಂದಿಲ್ಲ, ಬಾರದೆ ಇರುವಷ್ಟು ಹೊತ್ತು ಚೆಂಡೆ ನುಡಿಯುತ್ತಲೇ ಇರಬೇಕು. ಎಷ್ಟು ಸುತ್ತು ಎಂದು ಮೊದಲೇ ಹೇಳಲಾಗದು, ಅದು ವೈಲ್. ವೇಷ ಬಾರದೇ ಹೋದರೆ? ಅದೇ ಮುಗಿಯದ ಲೂಪ್. ಚೆಂಡೆಯವರ ಕೈ ಸೋಲುತ್ತದೆ, ಕಂಪ್ಯೂಟರ್ ಸೋಲುವುದಿಲ್ಲ. ಕಂಟ್ರೋಲ್ ಮತ್ತು ಸಿ ಕೀಲಿ ಒಟ್ಟಿಗೆ ಒತ್ತಿ ನಾವೇ ನಿಲ್ಲಿಸಬೇಕು!

ಕಾಗದದ ಮೇಲೆ ಲೂಪ್ ಓಡಿಸುವುದನ್ನೂ ಬಿಡಬಾರದು. ಒಂದರಿಂದ ಐದರ ಮೊತ್ತ ಬೇಕು ಎನ್ನೋಣ. ಮೊದಲು ಮೊತ್ತ 0. ಸುತ್ತು ಸುತ್ತಿಗೂ 1, 3, 6, 10, 15 ಎಂದು ಮಗು ಪಟ್ಟಿ ಬರೆಯಲಿ. 'ಮೊತ್ತ 0' ಎಂಬ ಸಾಲನ್ನು ಲೂಪಿನ ಒಳಗೆ ಮೊದಲಿಗೆ ಇಟ್ಟರೆ ಪ್ರತಿ ಸುತ್ತಿನಲ್ಲೂ ಗಳಿಸಿದ್ದೆಲ್ಲ ಅಳಿದು ಕೊನೆಗೆ ಉಳಿಯುವುದು ಬರೀ 5. ಪೈಥಾನಿನಲ್ಲಿ ಸಾಲಿನ ಮೊದಲಿನ ಖಾಲಿ ಜಾಗಕ್ಕೆ ಏಕೆ ಅಷ್ಟು ಬೆಲೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಅಂಗಳದಲ್ಲಿ ಮಗುವನ್ನೇ ಆಮೆ ಮಾಡಿ ನಡೆಸಿ. ನೂರು ಮುಂದೆ, ತೊಂಬತ್ತು ಡಿಗ್ರಿ ತಿರುಗು, ನಾಲ್ಕು ಸಲ ಎಂದರೆ ಚೌಕ. ತ್ರಿಕೋನಕ್ಕೆ ಎಲ್ಲರೂ 60 ಎನ್ನುತ್ತಾರೆ. ನಡೆದು ನೋಡಿದರೆ ತಿರುಗಬೇಕಾದ್ದು 120 ಎಂದು ಗೊತ್ತಾಗುತ್ತದೆ, ಒಟ್ಟು 360ನ್ನು ಮೂರರಿಂದ ಭಾಗಿಸಿದ ಹಾಗೆ. ಗಣಿತದ ಪಾಠವೂ ಆಯಿತು!

ಹಾಗಾದರೆ ಫಾರ್, ವೈಲ್ ಎಂಬುದನ್ನೂ ಕನ್ನಡ ಮಾಡಬೇಕೇ? ಬೇಡ ಎನ್ನುತ್ತೇನೆ. ಮಕ್ಕಳ ಲೋಗೋ ಭಾಷೆಗೆ ಯು. ಬಿ. ಪವನಜ ಅವರು ಕನ್ನಡ ಆವೃತ್ತಿಯನ್ನೇ ಮಾಡಿದ್ದರು. ಅದು ಮೆಚ್ಚತಕ್ಕ ಕೆಲಸ. ಆದರೆ ಪರೀಕ್ಷೆ ಪೈಥಾನಿನಲ್ಲಿ ಇರುವಾಗ ಅದರ ಆ ಕೆಲವು ಇಂಗ್ಲಿಷ್ ಪದಗಳು ಮಕ್ಕಳಿಗೆ ಭಾರವಲ್ಲ. ಉಳಿದ ಹೆಸರುಗಳು ಕನ್ನಡದಲ್ಲಿರಲಿ. 2008ರಲ್ಲಿ ಬಂದ ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪುತ್ತದೆ. 'ಮೊತ್ತ', 'ಸಂಖ್ಯೆ' ಎಂದೇ ಬರೆಯಬಹುದು. ಹೆಸರಿನ ಮಧ್ಯೆ ಅರ್ಧಾಕ್ಷರ ಬಿಡಿಸಲು ಹಾಕುವ ಕಾಣದ ಚಿಹ್ನೆ ಮಾತ್ರ ಇರಬಾರದು, ಇದ್ದರೆ ದೋಷ ತೋರಿಸುತ್ತದೆ. ಕೆಲವು ಪರದೆಗಳಲ್ಲಿ ಒತ್ತಕ್ಷರ ಚೆನ್ನಾಗಿ ಮೂಡುವುದಿಲ್ಲ, ಆದರೂ ಪ್ರೋಗ್ರಾಮ್ ಓಡುತ್ತದೆ.

ಈಗ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದಲ್ಲ, ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಕ್ಯಾಲ್ಕುಲೇಟರ್ ಬಂದ ಮೇಲೆ ನಾವು ಮಗ್ಗಿ ಬಿಟ್ಟೆವೇ? ಯಂತ್ರ ಬರೆದದ್ದು ಒಂಬತ್ತಕ್ಕೆ ನಿಲ್ಲುತ್ತದೋ ಹತ್ತಕ್ಕೆ ನಿಲ್ಲುತ್ತದೋ ಎಂದು ಹೇಳಬಲ್ಲವನೇ ನಾಳೆ ಆ ಯಂತ್ರದ ಯಜಮಾನ. ಹೇಳಲಾರದವನು ಗಿರಾಕಿ ಅಷ್ಟೆ. ಗಡಿನಾಡಿನ ಕನ್ನಡ ಶಾಲೆಯ ಮಗು ಗಿರಾಕಿಯಾಗಿಯೇ ಉಳಿದರೆ, 'ಕನ್ನಡ ಮಾಧ್ಯಮದಲ್ಲಿ ಓದಿದರೆ ಇಷ್ಟೇ' ಎಂಬ ಮಾತಿಗೆ ನಾವೇ ಸಾಕ್ಷಿ ಕೊಟ್ಟಂತಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಬಸ್ಸು ನಮ್ಮ ಶಾಲೆಯ ಎದುರಿನಿಂದಲೇ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದೆ, ಮರೆಯಬೇಡಿ.

ತರಬೇತಿ ಮಲಯಾಳದಲ್ಲಿ ನಡೆಯುತ್ತದೆ ಎಂದು ದೂರುತ್ತಾ ಕೂರುವ ಬದಲು ಒಂದು ಕೆಲಸ ಮಾಡೋಣ. ಲೂಪ್ ಬಗ್ಗೆ ನಿಮ್ಮ ತರಗತಿಯ ಮಕ್ಕಳು ಮಾಡಿದ ತಪ್ಪುಗಳನ್ನು, ನೀವು ಕೊಟ್ಟ ಉದಾಹರಣೆಗಳನ್ನು ಕನ್ನಡದಲ್ಲಿ ಬರೆದು ಕಳುಹಿಸಿ. ಹತ್ತು ಶಾಲೆಯವರು ಸೇರಿದರೆ ಒಂದು ಸಣ್ಣ ಕೈಪಿಡಿಯಾದೀತು. ತಾಯಂದಿರೇ, ತಂದೆಯವರೇ, ನೀವು ಕೂಡಾ ಇಂದು ಸಂಜೆ ಮಗುವನ್ನು ಕೇಳಿ ನೋಡಿ: ಮಗ್ಗಿ ಎಲ್ಲಿ ಶುರು, ಏನು ಬದಲಾಗುತ್ತದೆ, ಎಲ್ಲಿ ನಿಲ್ಲುತ್ತದೆ? ನಿಮಗೆ ಕಂಪ್ಯೂಟರ್ ಬಾರದಿದ್ದರೂ ಈ ಪ್ರಶ್ನೆ ಕೇಳಲು ಅಡ್ಡಿಯಿಲ್ಲ.

ನೀವೇನಂತೀರಿ?