ಔಟಾದ ಮಗು ಲೆಕ್ಕ ಮಾಡುವುದು ಯಾವಾಗ?

ನಮ್ಮ ಪಾಠ ಯೋಜನೆಗಳಲ್ಲಿ ಆಟಕ್ಕೆ ಒಂದು ಕಾಯಂ ಜಾಗವಿದೆ: ಮೊದಲ 5 ನಿಮಿಷ, ‘ತೊಡಗಿಸಿಕೊಳ್ಳುವಿಕೆ’ ಎಂಬ ಹಂತ. ಮಕ್ಕಳು ನಕ್ಕು ಚಪ್ಪಾಳೆ ತಟ್ಟಿದರೆ ವೀಕ್ಷಕರ ಹಾಳೆಯಲ್ಲಿ ‘ಚೆನ್ನಾಗಿದೆ’ ಎಂದು ಬೀಳುತ್ತದೆ. ಆಮೇಲೆ ಆಟ ಬಂದ್, ಕಪ್ಪುಹಲಗೆ ಶುರು. ಗಣಿತದ ಆಟಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ ಎಂದು ನನಗನಿಸುತ್ತದೆ: ಆ ಹೊತ್ತಿನಲ್ಲಿ ಒಂದೊಂದು ಮಗು ಎಷ್ಟು ಲೆಕ್ಕ ಮಾಡಿತು?

ನಾವೆಲ್ಲ ಆಡಿಸುವ ಚಪ್ಪಾಳೆ ಆಟವನ್ನೇ ನೋಡಿ. ಮಕ್ಕಳು ಸಾಲಾಗಿ ಸಂಖ್ಯೆ ಹೇಳುತ್ತ ಹೋಗಬೇಕು, 3ರ ಅಪವರ್ತ್ಯ ಬಂದಾಗ ಚಪ್ಪಾಳೆ, ತಪ್ಪಿದವರು ಔಟ್. 38 ಮಕ್ಕಳ 6ನೇ ತರಗತಿಯಲ್ಲಿ ಒಬ್ಬರಿಗೆ ಒಂದೆರಡು ಸಲ ಸರದಿ ಬಂದರೆ ಹೆಚ್ಚು. ಮೊದಲು ಔಟಾಗುವವರು ಯಾರು? ಮಗ್ಗಿ ಬಾರದವರು. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಶಾಲೆಗಳಲ್ಲಿ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹೊಲಕ್ಕೆ ಹೋದವರು, ತಂದೆತಾಯಿಯ ಜೊತೆ ಗುಳೆ ಹೋಗಿ ಬಂದವರು ಇರುತ್ತಾರೆ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಆಟ ಮೊದಲು ಹೊರಗೆ ಕೂರಿಸುತ್ತದೆ. “ನಾ ಔಟಾಗೀನ್ರಿ ಸರ, ನನಗ್ಯಾಕ ಕೇಳ್ತೀರಿ” ಎಂದ ಹುಡುಗನ ಮುಖದಲ್ಲಿ ಬೇಸರವಿರಲಿಲ್ಲ. ಪಾರಾದೆ ಎನ್ನುವ ನಿರಾಳವಿತ್ತು.

ಬೋಧನಾಭ್ಯಾಸದಲ್ಲಿ ನಾನು ಚೌಕಾಬಾರಾದ ಅರ್ಧವನ್ನಷ್ಟೇ ತೆಗೆದುಕೊಂಡೆ. ಮನೆ ಬರೆಯುವುದೂ ಬೇಡ, ಕಾಯಿಯೂ ಬೇಡ. 2 ಹುಣಸೆಬೀಜ ಒಡೆದರೆ 4 ಹೋಳು. ಎಷ್ಟು ಬಿಳಿ ಮೇಲಾದವೋ ಅಷ್ಟು. ಒಂದೂ ಬಿಳಿ ಬೀಳದಿದ್ದರೆ 8. ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಇಬ್ಬರ ಹತ್ತಿರವೂ 200 ಇರುತ್ತದೆ. ಬಿದ್ದದ್ದನ್ನು 7ರಿಂದ ಗುಣಿಸಿ, ಇರುವುದರಿಂದ ಕಳೆದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಎದುರಿನವರು ತಪ್ಪು ಹಿಡಿದರೆ ಅವರಿಗೆ ಒಂದು ಹೆಚ್ಚಿನ ಸರದಿ. ಕಳೆಯಲಾಗದಷ್ಟು ಕಡಿಮೆ ಮೊದಲು ಯಾರಲ್ಲಿ ಉಳಿಯಿತೋ ಅವರು ಗೆದ್ದರು. ಯಾರೂ ಔಟಿಲ್ಲ. 15 ನಿಮಿಷದಲ್ಲಿ ಒಂದೊಂದು ಮಗು ಎಂಟ್ಹತ್ತು ಲೆಕ್ಕ ಬರೆಯುತ್ತದೆ, ಅಷ್ಟನ್ನೇ ಪರೀಕ್ಷಿಸುತ್ತದೆ. ಎದುರಿನವರ ತಪ್ಪು ಹಿಡಿಯುವ ಆಸೆಗೆ ಮಕ್ಕಳು ಮಾಡುವಷ್ಟು ಗಮನವಿಟ್ಟ ವ್ಯವಕಲನವನ್ನು ಯಾವ ಮನೆಗೆಲಸವೂ ಮಾಡಿಸಲಾರದು.

ನನಗೆ ದೊಡ್ಡ ಲಾಭ ಆದದ್ದು ಆ ನೋಟ್‌ಬುಕ್‌ಗಳಿಂದ. 186ರಲ್ಲಿ 28 ಕಳೆದು 162 ಎಂದು ಬರೆದವರು ಹಲವರಿದ್ದರು. ಬಿಡಿ ಸ್ಥಾನದಲ್ಲಿ 6ರಿಂದ 8 ಕಳೆಯಲಾಗದೆ, ತಿರುಗಿಸಿ 8ರಿಂದ 6 ಕಳೆದಿದ್ದಾರೆ. ಇದು ಅಜಾಗ್ರತೆಯಲ್ಲ, ಅವರ ಮಟ್ಟಿಗೆ ಅದೊಂದು ನಿಯಮ. ತರಗತಿಯೆಲ್ಲ ಒಟ್ಟಿಗೆ ಕೂಗಿ ಉತ್ತರ ಹೇಳುವಾಗ ಇದು ಕಿವಿಗೆ ಬೀಳುವುದೇ ಇಲ್ಲ. ಮರುದಿನ ಗಣಿತ ಕಲಿಕಾ ಆಂದೋಲನದ ಕಿಟ್ ಬಿಚ್ಚಿ, ಒಂದು ದಶಕದ ಕಡ್ಡಿ ಕೊಟ್ಟು 10 ಬಿಡಿ ಪಡೆಯುವುದನ್ನು ಆ ಮಕ್ಕಳ ಕೈಯಿಂದಲೇ ಮಾಡಿಸಿದೆ. ಕಿಟ್ ಅಲ್ಮಾರಿಯ ಮೇಲಿರುವ ಶಾಲೆಗೆ ನಾವು ಥರ್ಮಾಕೋಲ್ ಹೊತ್ತುಕೊಂಡು ಹೋಗುವುದು ನನಗಂತೂ ಅರ್ಥವಾಗಿಲ್ಲ.

ಈ ಆಟಕ್ಕೂ ಕೊರತೆಯಿದೆ. 4 ಹೋಳಿನಲ್ಲಿ ಬೀಳುವುದು 1, 2, 3, 4, 8 ಮಾತ್ರ. ಮಕ್ಕಳು ಎಡವುವ 7×6, 7×9 ಬರುವುದೇ ಇಲ್ಲ. 6 ಹೋಳು ಹಾಕಿ, ಒಂದೂ ಬಿಳಿ ಬೀಳದಿದ್ದರೆ 9 ಎಂದರೆ ಅವೆರಡೂ ಸಿಗುತ್ತವೆ. 7 ಮತ್ತು 8ಕ್ಕೆ ಚೀಟಿಯೇ ಗತಿ.

ಗದ್ದಲವಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. 19 ಜೋಡಿ ಸುಮ್ಮನೆ ಆಡುವುದಿಲ್ಲ. ಪಕ್ಕದ ಕೋಣೆಯ ಶಿಕ್ಷಕರಿಗೆ ಮೊದಲೇ ಹೇಳಿಟ್ಟರೆ ನಡೆಯುತ್ತದೆ. ಬೀಜ ಎಸೆದರೆ ಜೂಜು ಕಲಿಯುತ್ತಾರೆ ಎಂದವರೂ ಇದ್ದರು. ಮನೆಯ ಕಟ್ಟೆಯ ಮೇಲೆ ಅಜ್ಜಿಯ ಜೊತೆ ಇದನ್ನೇ ಆಡಿ ಬಂದ ಮಕ್ಕಳಿಗೆ ನಾವು ಹೊಸದಾಗಿ ಏನನ್ನೂ ಕಲಿಸಿಲ್ಲ.

ನಮ್ಮ ಮಾರ್ಗದರ್ಶಕರಲ್ಲಿ ಒಂದು ಕೋರಿಕೆ. ವೀಕ್ಷಣಾ ಹಾಳೆಯಲ್ಲಿ ‘ತರಗತಿ ನಿಯಂತ್ರಣ’ದ ಕೆಳಗೆ ಇನ್ನೊಂದು ಸಾಲು ಸೇರಿಸಿ. ಹಿಂದಿನ ಬೆಂಚಿನ ಒಂದು ಮಗುವನ್ನು ಆರಿಸಿ, ಅದು ಆಟದಲ್ಲಿ ಎಷ್ಟು ಲೆಕ್ಕ ಮಾಡಿತು ಎಂದು ಎಣಿಸಿ ಬರೆಯಿರಿ. ಸೊನ್ನೆ ಬಂದರೆ ಅಂಕ ಕಡಿಯಿರಿ. ಮೊದಲು ತಕರಾರು ಮಾಡುವವರು ನಾವೇ ಇರುತ್ತೇವೆ, ಆದರೂ ಕಡಿಯಿರಿ.