ಬೆನ್ನಿಗೆ ಮನೆ ಕಟ್ಟಿಕೊಂಡವರಿಗೆ ಯಾವ ಜಿಪಿಎಸ್?

ಬಾಸ್ಟನ್ ಊರಿನ ಆಡುಮಾತಿನಲ್ಲಿ ಒಂದು ವಿಚಿತ್ರ ಕ್ರಿಯಾಪದವಿದೆ. ಕನ್ನಡಕ್ಕೆ ತಂದರೆ ‘ಸ್ಟಾರೋ ಆಗುವುದು’ ಎನ್ನಬಹುದು. ಚಾರ್ಲ್ಸ್ ನದಿಯ ದಂಡೆಗುಂಟ ಹೋಗುವ ಸ್ಟಾರೋ ಡ್ರೈವ್ ಕಾರುಗಳಿಗಷ್ಟೇ ಮೀಸಲಾದ ರಸ್ತೆ. ಅದರ ಮೇಲೆ ಹಾದುಹೋಗುವ ಸೇತುವೆಗಳು ತಗ್ಗು. ಸೆಪ್ಟೆಂಬರ್ 1 ಬಂತೆಂದರೆ ಆ ಊರಿನ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಮನೆ ಬದಲಾಯಿಸುತ್ತಾರೆ. ಜೀವನದಲ್ಲಿ ಮೊದಲ ಸಲ ಬಾಡಿಗೆ ಲಾರಿಯ ಸ್ಟಿಯರಿಂಗ್ ಹಿಡಿದವರು ಫೋನು ಹೇಳಿದ ದಾರಿಯಲ್ಲಿ ಹೋಗುತ್ತಾರೆ. ಡಬ್ಬಿಯ ಮುಚ್ಚಳ ಎಬ್ಬಿದ ಹಾಗೆ ಲಾರಿಯ ಚಾವಣಿ ಎದ್ದುಬರುತ್ತದೆ. ಒಂದೇ ಬಗೆಯ ಅಪಘಾತ ಪ್ರತಿವರ್ಷ ಒಂದೇ ಜಾಗದಲ್ಲಿ ಆಗುತ್ತ ಹೋದರೆ ಭಾಷೆ ಸುಮ್ಮನಿರುವುದಿಲ್ಲ. ಅದಕ್ಕೊಂದು ಪದ ಹುಟ್ಟಿಸಿಕೊಳ್ಳುತ್ತದೆ.

ಉತ್ತರ ಕೆರೊಲಿನಾದ ಡರ್ಹಮ್ ಊರಿನ ರೈಲು ಸೇತುವೆ ಇನ್ನೂ ಪ್ರಸಿದ್ಧ. ಅದರ ಅಡಿಯ ಎತ್ತರ 11 ಅಡಿ 8 ಅಂಗುಲ ಇದ್ದುದರಿಂದ ಅಂಕಿಯೇ ಅದರ ಹೆಸರಾಯಿತು. ಎತ್ತರದ ವಾಹನ ಬಂದರೆ ಸೆನ್ಸರ್ ಹಿಡಿಯುತ್ತದೆ, ಸಿಗ್ನಲ್ ಕೆಂಪಾಗುತ್ತದೆ, ‘ತಿರುಗಿಸಿ’ ಎಂಬ ಫಲಕ ಬೆಳಗುತ್ತದೆ. ಆದರೂ ಗಾಡಿಗಳು ಹೋಗಿ ಗುದ್ದುತ್ತಿದ್ದವು. 2019ರಲ್ಲಿ ಸೇತುವೆಯನ್ನೇ ಎತ್ತಿ 12 ಅಡಿ 4 ಅಂಗುಲಕ್ಕೆ ಏರಿಸಿದರು. ಅದಾದ ಮೇಲೂ ಗುದ್ದುವವರು ಗುದ್ದುತ್ತಲೇ ಇದ್ದಾರೆ.

ಇವರೆಲ್ಲ ದಡ್ಡರೆಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಬಹಳಷ್ಟು ಸಲ ಇಂಥ ಚಾಲಕರು ಮಾಡಿದ ತಪ್ಪು ಒಂದೇ: ಕಾರಿಗೆ ದಾರಿ ಹೇಳುವ ಯಂತ್ರದ ಮಾತನ್ನು ಕಾರಲ್ಲದ ವಾಹನದಲ್ಲಿ ಕೂತು ಕೇಳಿದ್ದು. ಅಮೆರಿಕದಲ್ಲಿ ಬೇಸಿಗೆ ರಜೆಗೆ ಟ್ರಾವೆಲ್ ಟ್ರೇಲರ್ ಎಳೆದುಕೊಂಡು ಹೊರಡುವ ಕುಟುಂಬಗಳು ಇದೇ ತಪ್ಪಿನ ಅಂಚಿನಲ್ಲಿರುತ್ತವೆ. ಟ್ರಾವೆಲ್ ಟ್ರೇಲರ್ ಎಂದರೆ ಪಿಕಪ್ ಗಾಡಿ ಅಥವಾ ದೊಡ್ಡ ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆಯುವ ಗಾಲಿಮನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಅದರೊಳಗೇ. ಮಗನೋ ಮಗಳೋ ಅಲ್ಲಿರುವ ಕಾರಣಕ್ಕೆ ಮುಂಬಯಿ, ಪುಣೆ, ಚೆನ್ನೈಗಳಿಂದ ಆರು ತಿಂಗಳ ವೀಸಾದಲ್ಲಿ ಹೋಗುವ ಕನ್ನಡದ ಅಪ್ಪ ಅಮ್ಮಂದಿರೂ ಈಗ ಇಂಥ ಗಾಡಿಯ ಪ್ರವಾಸದಲ್ಲಿ ಜೊತೆಯಾಗುತ್ತಾರೆ. ‘ದಾರಿ ಗೊತ್ತಾ?’ ಎಂದು ಅಪ್ಪ ಕೇಳಿದರೆ ‘ಮ್ಯಾಪ್ ಇದೆಯಲ್ಲಪ್ಪ’ ಎಂಬ ಉತ್ತರ ಸಿದ್ಧ. ಯಾವ ಮ್ಯಾಪ್ ಎಂಬುದು ಮುಂದಿನ ಪ್ರಶ್ನೆಯಾಗಬೇಕು.

ಕಾರಿನ ನ್ಯಾವಿಗೇಶನ್ ಇಡಿಯಾಗಿ ನಿಂತಿರುವುದು ಒಂದು ನಂಬಿಕೆಯ ಮೇಲೆ: ತಪ್ಪಿದರೆ ನಷ್ಟವೇನಿಲ್ಲ. ತಿರುವು ತಪ್ಪಿತೇ, ಎರಡು ಸೆಕೆಂಡಿನಲ್ಲಿ ಹೊಸ ದಾರಿ ಲೆಕ್ಕ ಹಾಕುತ್ತದೆ. ಯು-ಟರ್ನ್ ಹೊಡೆಯಿರಿ ಎನ್ನುತ್ತದೆ, ಪಕ್ಕದ ಗಲ್ಲಿಗೆ ನುಗ್ಗಿ ಎನ್ನುತ್ತದೆ. ಹಿಂದೆ 25 ಅಡಿಯ ಮನೆ ಕಟ್ಟಿಕೊಂಡವನಿಗೆ ಈ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ರಿವರ್ಸ್‌ನಲ್ಲಿ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಗುತ್ತದೆ. ಸ್ವಲ್ಪ ಹೆಚ್ಚಾದರೆ ಕತ್ತರಿಯ ಹಾಗೆ ಮಡಚಿ ನಿಲ್ಲುತ್ತದೆ. ಇದನ್ನು ಬೆಳಗಾವಿ, ಕೊಲ್ಹಾಪುರದ ಕಡೆ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ಚಾಲಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಗದ್ದೆಯೊಳಗೆ ಹೋಗುವ ಮುಂಚೆಯೇ ಹೊರಗೆ ಬರುವ ದಾರಿ ನೋಡಿಕೊಂಡಿರುತ್ತಾನೆ. ಟ್ರೇಲರಿಗೆ ನ್ಯಾವಿಗೇಶನ್ ಆರಿಸುವವರಿಗೆ ಬೇಕಾದುದು ಆ ಬುದ್ಧಿಯೇ. ತಪ್ಪಿದ ಮೇಲೆ ಸರಿಪಡಿಸುವ ಯಂತ್ರಕ್ಕಿಂತ ತಪ್ಪುವ ಮೊದಲೇ ತಡೆಯುವ ಯಂತ್ರ ಬೇಕು.

ಅಂಗಡಿಯಲ್ಲಿ ಜನ ನೋಡುವುದು ಬೇರೆಯದನ್ನೇ. ಪರದೆ ಏಳಿಂಚೋ ಹತ್ತಿಂಚೋ, ಬ್ಲೂಟೂತ್ ಉಂಟೋ, ದನಿ ಹೇಗಿದೆ ಎಂದೆಲ್ಲ. ಪರದೆ ದೊಡ್ಡದಿದ್ದರೆ ಒಳ್ಳೆಯದೇ. ಆದರೆ ಮೊದಲು ನೋಡಬೇಕಾದದ್ದು ದಾರಿ ಹೇಳುವ ಮುನ್ನ ಆ ಯಂತ್ರ ಏನೇನು ಕೇಳುತ್ತದೆ ಎಂಬುದನ್ನು. ವಾಹನದ ಎತ್ತರ ಎಷ್ಟು, ಅಗಲ ಎಷ್ಟು, ಕಾರು ಟ್ರೇಲರು ಸೇರಿ ಉದ್ದ ಎಷ್ಟು, ತೂಕ ಎಷ್ಟು, ಗ್ಯಾಸ್ ಸಿಲಿಂಡರ್ ಇದೆಯೇ? ಈ ಐದು ಪ್ರಶ್ನೆ ಕೇಳದೆ ‘ಮುಂದೆ ಬಲಕ್ಕೆ ತಿರುಗಿ’ ಎನ್ನುವ ಯಂತ್ರ ರೋಗಿಯನ್ನು ನೋಡದೆ ಮಾತ್ರೆ ಬರೆದುಕೊಡುವ ವೈದ್ಯನ ಹಾಗೆ. ಗಾರ್ಮಿನ್‌ನ ಆರ್‌ವಿ ಸರಣಿಯ ಸಾಧನಗಳು, ಯುರೋಪಿನಲ್ಲಿ ಟಾಮ್‌ಟಾಮ್‌ನ ಕ್ಯಾಂಪರ್ ಮಾದರಿ, ಫೋನಿನಲ್ಲಿ ಕೋಪೈಲಟ್, ಆರ್‌ವಿ ಲೈಫ್, ಸಿಜಿಕ್‌ನಂಥ ಆ್ಯಪುಗಳು ವಾಹನದ ಅಳತೆ ಕೇಳುತ್ತವೆ. ಎಲ್ಲರ ಜೇಬಿನಲ್ಲಿರುವ ಸಾಮಾನ್ಯ ಉಚಿತ ನಕ್ಷೆಗಳು ಎತ್ತರ ಕೇಳುವುದಿಲ್ಲ.

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಚಾಲಕನ ಪಾಲಿನ ಕೆಲಸ. ಅಲ್ಲಿ ನಮ್ಮವರಿಗೊಂದು ಹೊಂಡ ಕಾದಿದೆ. ಭಾರತದಲ್ಲಿ ಆಳಿನ ಎತ್ತರವನ್ನು 5.10 ಎಂದು ಬರೆದರೆ ಐದು ಅಡಿ ಹತ್ತು ಅಂಗುಲ ಎಂದೇ ಎಲ್ಲರೂ ಓದುತ್ತಾರೆ. ವಧೂವರರ ಜಾಹೀರಾತಿನಲ್ಲಿ ಇದು ನಡೆಯುತ್ತದೆ. ಆದರೆ 11 ಅಡಿ 10 ಅಂಗುಲದ ಟ್ರೇಲರನ್ನು ದಶಮಾಂಶದಲ್ಲಿ ಅಳತೆ ಕೇಳುವ ಯಂತ್ರಕ್ಕೆ 11.10 ಎಂದು ತುಂಬಿಸಿದರೆ ಅದು ತಿಳಿದುಕೊಳ್ಳುವುದು 11 ಅಡಿ 1 ಅಂಗುಲ ಚಿಲ್ಲರೆ ಎಂದು. ಸುಮಾರು ಒಂಬತ್ತು ಅಂಗುಲ ಮಾಯ! ಒಂಬತ್ತು ಅಂಗುಲವೆಂದರೆ ಚಾವಣಿಯ ಮೇಲಿನ ಎಸಿ ಪೆಟ್ಟಿಗೆಯ ಬಹುಪಾಲು. ಕಂಪನಿಯ ಕೈಪಿಡಿಯಲ್ಲಿರುವ ಅಂಕಿಯನ್ನೂ ನೆಚ್ಚಿಕೊಂಡು ಕೂರುವಂತಿಲ್ಲ. ಎಸಿಯನ್ನೋ ಆಂಟೆನಾವನ್ನೋ ಆಮೇಲೆ ಕೂರಿಸಿರಬಹುದು. ಟ್ರೇಲರನ್ನು ಕಾರಿಗೆ ಕಟ್ಟಿ, ಸಮನೆಲದಲ್ಲಿ ನಿಲ್ಲಿಸಿ, ಏಣಿ ಹಾಕಿ, ಅತಿ ಎತ್ತರದ ಬಿಂದುವಿಗೆ ಟೇಪು ಹಿಡಿದು ಅಳೆಯಬೇಕು. ಸಾಮಾನ್ಯ ಟ್ರಾವೆಲ್ ಟ್ರೇಲರು 10ರಿಂದ 11 ಅಡಿಯ ಆಸುಪಾಸು ಇರುತ್ತದೆ. ಪಿಕಪ್ಪಿನ ತೊಟ್ಟಿಯೊಳಗೆ ಕೊಕ್ಕೆ ಹಾಕುವ ‘ಫಿಫ್ತ್ ವೀಲ್’ ಜಾತಿಯವು 13 ಅಡಿ ಮುಟ್ಟುವುದುಂಟು.

ಎತ್ತರ ಕಣ್ಣಿಗೆ ಕಾಣುವ ಅಪಾಯ. ಗ್ಯಾಸಿನ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಗಾಲಿಮನೆಯ ಒಲೆಗೂ ಹೀಟರಿಗೂ ಪ್ರೊಪೇನ್ ಬೇಕು; ಮೂತಿಯ ಹತ್ತಿರ 20 ಅಥವಾ 30 ಪೌಂಡಿನ ಎರಡು ಸಿಲಿಂಡರ್ ಕೂತಿರುತ್ತವೆ. ಬಾಲ್ಟಿಮೋರ್‌ನಲ್ಲಿ ಬಂದರಿನ ಅಡಿಯಲ್ಲಿ ಹಾಯುವ ಎರಡು ಸುರಂಗಗಳಲ್ಲಿ ತಲಾ 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರಿಗೆ ಪ್ರವೇಶವಿಲ್ಲ. ಅಂದರೆ ಮಾಮೂಲಿ ಟ್ರೇಲರಿಗೆ ಆ ದಾರಿ ಮುಚ್ಚಿದಂತೆಯೇ. ಮೊದಲೆಲ್ಲ ಇಂಥವರು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಹಿಡಿಯುತ್ತಿದ್ದರು. 2024ರ ಮಾರ್ಚ್ 26ರ ನಸುಕಿನಲ್ಲಿ ಸರಕು ಹಡಗೊಂದು ಗುದ್ದಿ ಆ ಸೇತುವೆಯೇ ಬಿತ್ತು. ಅಲ್ಲಿಂದಾಚೆಗೆ ಉಳಿದದ್ದು ಊರನ್ನು ಪಶ್ಚಿಮದ ಕಡೆಯಿಂದ ಸುತ್ತುವ ದಾರಿ. ಐದು ವರ್ಷದ ಹಿಂದೆ ಕೊಂಡು ನಕ್ಷೆ ಅಪ್‌ಡೇಟ್ ಮಾಡದೆ ಡ್ಯಾಶ್‌ಬೋರ್ಡಿಗೆ ಅಂಟಿಸಿದ ದುಬಾರಿ ಸಾಧನ ಇವತ್ತಿಗೂ ಆ ಇಲ್ಲದ ಸೇತುವೆಯನ್ನು ತೋರಿಸುತ್ತಿರಬಹುದು. ನಕ್ಷೆಯ ಅಪ್‌ಡೇಟು ಎಷ್ಟು ವರ್ಷ, ಯಾವ ಬೆಲೆಗೆ ಎಂಬುದು ಪರದೆಯ ಅಳತೆಗಿಂತ ಮುಖ್ಯವಾಗುವುದು ಇದಕ್ಕೇ.

ಬೆಟ್ಟದ ದಾರಿಗಳದ್ದು ಇನ್ನೊಂದು ಕಥೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ‘ಗೋಯಿಂಗ್ ಟು ದ ಸನ್’ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ವಾಹನಕ್ಕೆ ಬಿಡುವುದಿಲ್ಲ. ಆ ಉದ್ದದ ಲೆಕ್ಕದಲ್ಲಿ ಕಾರೂ ಟ್ರೇಲರೂ ಒಟ್ಟಿಗೆ ಸೇರುತ್ತವೆ. ಐಡಹೋದ ಕಡೆಯಿಂದ ಜಾಕ್ಸನ್‌ಗೆ ಇಳಿಯುವ ಟೀಟನ್ ಪಾಸ್‌ನಲ್ಲಿ ಇಳಿಜಾರು ಶೇ 10. ಚಳಿಗಾಲದ ತಿಂಗಳುಗಳಲ್ಲಿ ಟ್ರೇಲರಿಗೆ ನಿಷೇಧ. ಆಲ್ಪೈನ್ ಊರಿನ ಮೂಲಕ ನದಿಯ ಕಣಿವೆ ಹಿಡಿದು ಬರುವ ದಾರಿ ದೂರ, ಆದರೆ ಬ್ರೇಕು ಕಾಯುವುದಿಲ್ಲ. ಆಗುಂಬೆ ಘಾಟಿಗೆ ಭಾರಿ ವಾಹನ ಬಿಡದಿರುವುದೇಕೆಂದು ಬಲ್ಲ ಮಲೆನಾಡಿನವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಾರಿನ ನಕ್ಷೆಗೆ ಅರ್ಥವಾಗುವುದಿಲ್ಲ. ಅದರ ಲೆಕ್ಕದಲ್ಲಿ ಹತ್ತು ನಿಮಿಷ ಉಳಿಸುವ ದಾರಿಯೇ ಒಳ್ಳೆಯ ದಾರಿ.

ಆ ನಿಮಿಷಗಳ ಲೆಕ್ಕವೂ ಸುಳ್ಳು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಯಾವ ವಾಹನವೂ ಗಂಟೆಗೆ 55 ಮೈಲಿ ಮೀರುವಂತಿಲ್ಲ. ಪಕ್ಕದ ಕಾರುಗಳು 70ರಲ್ಲಿ ಹೋಗುತ್ತಿರುತ್ತವೆ. 400 ಮೈಲಿಯ ದಿನಕ್ಕೆ ಇದರಿಂದಲೇ ಒಂದೂವರೆ ಗಂಟೆ ವ್ಯತ್ಯಾಸ. ಬೆಳಕಿರುವಾಗ ತಲುಪುತ್ತೇವೆ ಎಂದು ಯಂತ್ರ ನಂಬಿಸಿ, ಕತ್ತಲಲ್ಲಿ ಗೊತ್ತಿಲ್ಲದ ಮರಗಳ ನಡುವೆ, ಹೆಂಡತಿ ಟಾರ್ಚು ಹಿಡಿದು ‘ಬಾ, ಬಾ, ಸಾಕು’ ಎನ್ನುತ್ತ ರಿವರ್ಸ್ ಹಾಕಿಸುವ ಸನ್ನಿವೇಶ ಬರುವುದು ಹೀಗೆ. ಸಂಸಾರಗಳ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಾಗಾದರೆ ಕೆಲವು ನೂರು ಡಾಲರ್ ಕೊಟ್ಟು ಪ್ರತ್ಯೇಕ ಸಾಧನ ಕೊಳ್ಳಬೇಕೇ, ವರ್ಷದ ಚಂದಾ ಕಟ್ಟಿ ಆ್ಯಪ್ ಹಾಕಿಕೊಂಡರೆ ಸಾಕೇ? ವರ್ಷಕ್ಕೊಮ್ಮೆ ಬಾಡಿಗೆ ಟ್ರೇಲರಿನಲ್ಲಿ ಹೋಗುವವರಿಗೆ ಆ್ಯಪ್ ಧಾರಾಳ ಸಾಕು, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ. ರಾಷ್ಟ್ರೀಯ ಉದ್ಯಾನಗಳ ಒಳಗೆ ಸಿಗ್ನಲ್ ಸಿಗುವುದು ಅದೃಷ್ಟ. ಅಲ್ಲಿ ನೆಟ್ ಬೇಡುವ ನಕ್ಷೆ ಖಾಲಿ ಹಾಳೆ. ತಿಂಗಳುಗಟ್ಟಲೆ ರಸ್ತೆಯ ಮೇಲಿರುವವರು ಪ್ರತ್ಯೇಕ ಸಾಧನಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಯಾವುದೇ ಆದರೂ ದಾರಿಯನ್ನು ನಡುವೆ ಬೇಕಾದ ಊರುಗಳ ಮೂಲಕ ಎಳೆದು ಕಟ್ಟಿಹಾಕಲು ಬರಬೇಕು. ತಾನೇ ಜಾಣನೆಂದು ಮಧ್ಯದಲ್ಲಿ ದಾರಿ ಬದಲಿಸುವ ಯಂತ್ರ ಟ್ರೇಲರಿಗೆ ಬೇಡ. ಜೊತೆಗೆ ರಾಂಡ್ ಮೆಕ್‌ನ್ಯಾಲಿಯವರು ಲಾರಿ ಚಾಲಕರಿಗೆಂದು ಅಚ್ಚುಹಾಕುವ ಅಟ್ಲಾಸ್ ಇದ್ದರೆ ಇನ್ನೂ ಒಳ್ಳೆಯದು. ರಾಜ್ಯವಾರು ತಗ್ಗು ಸೇತುವೆಗಳ ಪಟ್ಟಿ ಅದರಲ್ಲಿದೆ. ಹಿಂದಿನ ರಾತ್ರಿ ಅದನ್ನು ಮೇಜಿನ ಮೇಲೆ ಹರಡಿ ನೋಡಿದವರಿಗೆ ಮರುದಿನ ಯಂತ್ರ ತಪ್ಪು ಹೇಳಿದಾಗ ಅನುಮಾನ ಬರುತ್ತದೆ. ಆ ಅನುಮಾನ ಹುಟ್ಟಿಸುವ ಸಾಧನ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಆದರೆ ಈ ಕೊಳ್ಳುವ ಮಾತಿನ ಹಿಂದೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಸೇತುವೆಯ ಎತ್ತರ ತಿಳಿದುಕೊಳ್ಳಲು ದುಡ್ಡು ಏಕೆ ಕೊಡಬೇಕು? 1967ರಲ್ಲಿ ಪಶ್ಚಿಮ ವರ್ಜೀನಿಯಾದ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತ ಮೇಲೆ ಅಮೆರಿಕ ಸರ್ಕಾರ ದೇಶದ ರಸ್ತೆ ಸೇತುವೆಗಳ ತಪಾಸಣೆ ಕಡ್ಡಾಯ ಮಾಡಿತು. ಆರು ಲಕ್ಷಕ್ಕೂ ಹೆಚ್ಚು ಸೇತುವೆಗಳ ಅಂಕಿಅಂಶ ಇಂದು ಸಾರ್ವಜನಿಕ ದಾಖಲೆ, ಅಡಿಯ ಎತ್ತರವೂ ಅದರಲ್ಲಿ ಒಂದು ಕಲಮು. ರೈಲು ಸೇತುವೆಗಳ ವಿಷಯದಲ್ಲಿ ಅದು ಪೂರ್ಣವಲ್ಲ, ನಿಜ. ಆದರೂ ಜನರ ತೆರಿಗೆಯಲ್ಲಿ ಅಳೆದ ಎತ್ತರವನ್ನು ಜನರಿಗೇ ಮಾರುವ ವ್ಯಾಪಾರದಲ್ಲಿ ಏನೋ ಸರಿಯಿಲ್ಲ. ಉಚಿತ ನಕ್ಷೆಗಳಿಗೆ ಇದು ಕೈಲಾಗದ ಕೆಲಸವೂ ಅಲ್ಲ. ವಾಹನ ಯಾವುದೆಂದು ಕೇಳಿ ದಾರಿ ಹೇಳುವುದು ಅವಕ್ಕೆ ಬರುತ್ತದೆ. 2017ರ ಡಿಸೆಂಬರಿನಲ್ಲಿ ಗೂಗಲ್ ತನ್ನ ನಕ್ಷೆಗೆ ದ್ವಿಚಕ್ರ ವಾಹನದ ಬೇರೆಯೇ ದಾರಿಯನ್ನು ಸೇರಿಸಿತು, ಅದೂ ಮೊಟ್ಟಮೊದಲು ಭಾರತದಲ್ಲಿ. ಸ್ಕೂಟರಿಗೆ ಸಿಕ್ಕ ಮರ್ಯಾದೆ ಟ್ರೇಲರಿಗೆ ಸಿಗದಿರುವುದಕ್ಕೆ ಕಾರಣ ತಂತ್ರಜ್ಞಾನದ ಕೊರತೆಯಲ್ಲ, ಗಿರಾಕಿಗಳ ಸಂಖ್ಯೆ ಎಂದು ತೋರುತ್ತದೆ. ಅಷ್ಟು ಗಿರಾಕಿ ಇಲ್ಲವೆಂದಾದರೆ, ಕನಿಷ್ಠ ‘ಈ ದಾರಿ ಕಾರಿಗೆ ಮಾತ್ರ ಲೆಕ್ಕ ಹಾಕಿದ್ದು’ ಎಂಬ ಒಂದು ಸಾಲನ್ನು ದಾರಿಯ ಜೊತೆಗೇ, ದೊಡ್ಡಕ್ಷರದಲ್ಲಿ ಹಾಕಲಿ. ಚಾವಣಿ ಹಾರಿಹೋದಾಗ ಬಿಲ್ಲು ಬರುವುದು ನಕ್ಷೆ ಮಾಡಿದವರಿಗಲ್ಲ. ಎಷ್ಟೋ ಬಾಡಿಗೆ ಕರಾರುಗಳಲ್ಲಿ ಮೇಲ್ಭಾಗದ ಹಾನಿ ವಿಮೆಯ ಹೊರಗಿರುತ್ತದೆ.

ಭಾರತದಲ್ಲಿ ವಿದ್ಯುತ್ ರೈಲುಮಾರ್ಗದ ಗೇಟಿನ ಎರಡೂ ಕಡೆ ಕಬ್ಬಿಣದ ಕಮಾನು ನಿಲ್ಲಿಸಿರುವುದನ್ನು ಎಲ್ಲರೂ ನೋಡಿರುತ್ತಾರೆ. 4.67 ಮೀಟರ್ ಎತ್ತರದ ಆ ಕಮಾನಿಗೆ ಹುಲ್ಲಿನ ಲಾರಿ ತಾಗಿದರೆ ಸದ್ದಾಗುತ್ತದೆ, ನಾಲ್ಕು ಹುಲ್ಲು ಉದುರುತ್ತದೆ, ಮೇಲಿನ ತಂತಿಗೆ ತಾಗಿ ಯಾರೂ ಸಾಯುವುದಿಲ್ಲ. ನಕ್ಷೆ, ಉಪಗ್ರಹ, ಭಾಷೆ ಯಾವುದೂ ಬೇಡದ ಎಚ್ಚರಿಕೆ ಅದು.

ಕೊನೆಯ ಎರಡು ಮೈಲಿಗೆ ಮಾತ್ರ ಯಾವ ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಲಾರಿಗಳು ಓಡಾಡುವ ಹೆದ್ದಾರಿಯ ಮಾಹಿತಿ ಚೆನ್ನಾಗಿರುತ್ತದೆ; ಶಿಬಿರದ ಒಳದಾರಿಗೆ ಲಾರಿಗಳೇ ಹೋಗುವುದಿಲ್ಲವಾದ್ದರಿಂದ ಅಲ್ಲಿನ ತಗ್ಗು ಕೊಂಬೆಯನ್ನು ಯಾರೂ ಅಳೆದಿರುವುದಿಲ್ಲ. ಹೊರಡುವ ಬೆಳಿಗ್ಗೆ ಶಿಬಿರದ ಕಚೇರಿಗೆ ಒಂದು ಫೋನು ಮಾಡಿ, ಟ್ರೇಲರಿನ ಉದ್ದ ಎತ್ತರ ಹೇಳಿ, ಯಾವ ಗೇಟಿನಿಂದ ಬರಬೇಕೆಂದು ಕೇಳಿದರೆ ಅಲ್ಲಿರುವವರು ಹೇಳುತ್ತಾರೆ. ಹಲವರು ಜಿಪಿಎಸ್ ಹೇಳಿದ ದಾರಿಯಲ್ಲಿ ಬರಬೇಡಿ ಎಂದೇ ಮಾತು ಶುರುಮಾಡುತ್ತಾರೆ.